ಎದುರುಬದುರು ಕೂತ ಭಾನುವಾರ

ಬೆಳಗ್ಗೆ ಹನ್ನೊಂದಕ್ಕೆ ವಿಸ್ಕಿ ಮುಂದಿಟ್ಟುಕೊಂಡು ಕೂರುವವರನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು. ಅಂದುಕೊಳ್ಳಲಿ, ನನಗೇನು. ನನ್ನ ಭಾವ, ಅಂದರೆ ಅಕ್ಕನ ಗಂಡ, ಅದಕ್ಕೊಂದು ಕಾರಣ ಹೇಳುತ್ತಿದ್ದರು: "ಊಟ ಆದ್ಮೇಲೆ ಮೂಗು ನಿದ್ದೆ ಹೋಗ್ತೈತೆ ಕಣೋ ಭಾಮೈದ. ಹೊಟ್ಟೆ ಹಸಿದಿರ್ಬೇಕು, ಮನೇಲಿ ಒಗ್ಗರಣೆ ಹಾಕಿರ್ಬಾರ್ದು, ಊದುಬತ್ತಿ ಹಚ್ಚಿರ್ಬಾರ್ದು. ಆಗ ನೋಡು." ಹಾಗಾಗಿ ತಿಂಗಳಿಗೊಂದು ಭಾನುವಾರ ಅಕ್ಕನ ಅಡುಗೆಮನೆಗೆ ಮಧ್ಯಾಹ್ನದವರೆಗೆ ರಜೆ. ದೇವರಿಗೂ ಅಷ್ಟು ಹೊತ್ತು ಊದುಬತ್ತಿಯಿಲ್ಲ. ಅಕ್ಕ ಬೈದುಕೊಂಡೇ ಒಪ್ಪಿದ್ದಳು.

ನಾವು ಚಿತ್ರದುರ್ಗದ ಕಡೆಯವರು. ಭಾವ ಔಷಧಿ ಪುಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿ ಸೇರಿ, ಶಿಫ್ಟಿನ ಮೇಲ್ವಿಚಾರಕರಾಗಿ, ಹದಿನೈದು ವರ್ಷದಿಂದ ವಿಶಾಖಪಟ್ಟಣದಲ್ಲಿದ್ದರು. ಕಾರ್ಖಾನೆ ಅಚ್ಯುತಾಪುರಂನಲ್ಲಿ, ಬಾಡಿಗೆ ಮನೆ ಗಾಜುವಾಕದಲ್ಲಿ. ಅವರ ಒಬ್ಬಳೇ ಮಗಳು ಆಗ ಹತ್ತನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುವ ಹುಡುಗಿ. ನಾನು ಬ್ಯಾಂಕಿನವನು. ವರ್ಗವಾಗಿ ವಿಜಯವಾಡಕ್ಕೆ ಬಂದು ಬಿದ್ದಿದ್ದೆ. ಹೆಂಡತಿ ಮಕ್ಕಳು ಸ್ಕೂಲಿನ ನೆಪದಲ್ಲಿ ದಾವಣಗೆರೆಯಲ್ಲೇ ಉಳಿದಿದ್ದರು. ವಾಪಸು ಕರ್ನಾಟಕಕ್ಕೆ ಹಾಕಿ ಎಂದು ಅರ್ಜಿ ಕೊಟ್ಟು ದಾರಿ ಕಾಯುತ್ತಿದ್ದೆ. ಆ ಅರ್ಜಿಯ ಮಾತು ಮುಂದೆ ಬರುತ್ತದೆ, ಬರಲೇಬೇಕು.

ಅವರ ಕೆಳಗಿನ ಮನೆಯಲ್ಲಿ ಸರಕು ಹಡಗಿನ ಇಂಜಿನಿಯರೊಬ್ಬರಿದ್ದರು. ಒಮ್ಮೆ ರಜೆಗೆ ಬರುವಾಗ ಭಾವನಿಗೆಂದು ನಾಲ್ಕು ಸೀಸೆಗಳ ಒಂದು ಪೆಟ್ಟಿಗೆ ತಂದುಕೊಟ್ಟರು. ಸ್ಕಾಟ್ಲೆಂಡಿನ ಒಬ್ಬ ವ್ಯಾಪಾರಿಯದು. ಅವನಿಗೆ ಸ್ವಂತ ಭಟ್ಟಿಯಿಲ್ಲ. ಬೇರೆಯವರ ಭಟ್ಟಿಯಿಂದ ಒಂದೊಂದೇ ಪೀಪಾಯಿ ಆರಿಸಿ ಕೊಂಡು, ನೀರು ಬೆರೆಸದೆ, ಬಣ್ಣ ಹಾಕದೆ, ತನ್ನ ಚೀಟಿ ಅಂಟಿಸಿ ಮಾರುತ್ತಾನೆ. ಚೀಟಿಯೋ, ರೇಷನ್ ಅಂಗಡಿಯದರ ಹಾಗೆ ಸಪ್ಪಗೆ: ಪೀಪಾಯಿಯ ನಂಬರು, ಎಷ್ಟು ವರ್ಷ, ಎಷ್ಟು ಖಡಕ್, ಅಷ್ಟೇ. ಮೂರನೆಯ ಸೀಸೆಯ ಮೇಲಂತೂ ಭಟ್ಟಿಯ ಹೆಸರೂ ಇರಲಿಲ್ಲ. ಹೆಸರು ಹೇಳಬಾರದು ಎಂಬ ಕರಾರಿನ ಮೇಲೆ ಮಾರಿರುತ್ತಾರಂತೆ.

ಮೊದಲ ಮೂರು ಹೊಗೆಯ ವಿಸ್ಕಿಗಳು. ಅಲ್ಲಿ ಜೌಗುನೆಲವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಉರಿಸುತ್ತಾರೆ. ಅದಕ್ಕೆ ಪೀಟ್ ಎನ್ನುತ್ತಾರೆ. ಆ ಹೊಗೆಯಲ್ಲಿ ಬಾರ್ಲಿ ಒಣಗಿಸಿದರೆ ಹೊಗೆ ಕೊನೆಯವರೆಗೂ ಬಿಡುವುದಿಲ್ಲ. ನಾಲ್ಕನೆಯದು ಹೊಗೆಯಿಲ್ಲದ್ದು, ಹೋಲಿಸಿ ನೋಡಲಿಕ್ಕೆ ಇಟ್ಟದ್ದು. ಅದನ್ನು ನಾವು ಸಪ್ಪೆ ಎಂದು ಕರೆದೆವು. ಮೊದಲ ಸೀಸೆಯ ಬಿರಡೆ ತೆಗೆದ ದಿನ ನಾನು, "ಥೂ, ಫಿನಾಯಿಲ್ ಅಲ್ವಾ ಭಾವ ಇದು?" ಎಂದಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, "ನೀನು ಬೈದಿದ್ದು ಸರಿಯಾಗೇ ಐತೆ. ಫಿನಾಯಿಲ್‌ನಲ್ಲಿರೋ ವಸ್ತು, ಇದರಲ್ಲಿರೋ ವಸ್ತು ದಾಯಾದಿಗಳು," ಎಂದರು.

ಆ ಮೊದಲ ರುಚಿ ನೋಡಿದ್ದು ವಿಜಯವಾಡದ ನನ್ನ ಮನೆಯಲ್ಲಿ. ವಿಶಾಖಪಟ್ಟಣದಲ್ಲಿ ಕಿಟಕಿ ತೆಗೆದರೆ ಕಡಲು, ಸೀಸೆಯ ಉಪ್ಪು ಯಾವುದು ಗಾಳಿಯ ಉಪ್ಪು ಯಾವುದು ಗೊತ್ತಾಗುವುದಿಲ್ಲ ಎಂದು ಭಾವ ನಾಲ್ಕೂ ಸೀಸೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಿದ್ದರು. ವಿಜಯವಾಡದ ಬಿಸಿಲಿಗೆ ಗಾಳಿಯೇ ಸತ್ತು ಬಿದ್ದಿರುತ್ತದೆ, ಅವರಿಗೆ ಅದೇ ಬೇಕಿತ್ತು. ಚಹಾ ಅಂಗಡಿಯ ಥರದ ನಾಲ್ಕು ಗಾಜಿನ ಲೋಟ, ಪ್ರತಿ ಲೋಟಕ್ಕೂ ಮುಚ್ಚಲು ಒಂದು ತಟ್ಟೆ, ನೀರು ಹನಿಸಲು ಕಣ್ಣಿನ ಔಷಧಿಯ ಖಾಲಿ ಡ್ರಾಪರು. ನಾನು ಚೀಟಿ ಎತ್ತಿ, ಅದರಂತೆ ಲೋಟಗಳನ್ನು ಅದಲುಬದಲು ಮಾಡಿ ಇಡಬೇಕು. ಅವರು ಒಳಗಿನ ಕೋಣೆಯಿಂದ ಬಂದು ತಟ್ಟೆ ಸರಿಸಿ ಮೂಗು ಹಿಡಿಯಬೇಕು. ಮೂರು ಸಲ ಚೀಟಿ ಎತ್ತಿದೆ. ಮೂರು ಸಲವೂ ನಾಲ್ಕಕ್ಕೆ ನಾಲ್ಕು ಸರಿ. ಮೇಲಿಂದ ಒಂದು ಬೈಗುಳ: "ಈ ಲೋಟಾನ ಸೋಪಿನ ಪುಡೀಲಿ ತೊಳೆದಿದೀಯ. ಬ್ಯಾಂಕ್ ಮ್ಯಾನೇಜರ್ ಅಂತೆ, ಒಂದು ಲೋಟ ತೊಳೆಯೋಕೆ ಬರಲ್ಲ."

ರುಚಿ ನೋಡಿದ್ದಕ್ಕೆಲ್ಲ ಒಂದು ರಿಜಿಸ್ಟರು. ಎಡಗಡೆಯ ಪುಟ ಅವರದು, ಬಲಗಡೆಯದು ನನ್ನದು. ತಾರೀಕು, ಸೀಸೆ, ವಾಸನೆ, ರುಚಿ, ಷರಾ, ಸಹಿ. ನಾಲ್ಕೂ ಸೀಸೆ ಖಾಲಿಯಾಗುವವರೆಗೆ ಒಬ್ಬರ ಪುಟ ಇನ್ನೊಬ್ಬರು ಓದುವಂತಿಲ್ಲ ಎಂಬುದು ಭಾವನ ಕಾನೂನು. ನನ್ನ ಪುಟದ ಮೇಲೆ ಒಂದು ರಟ್ಟು ಕ್ಲಿಪ್ ಹಾಕಿರುತ್ತಿದ್ದೆ. ಭಾವನ ಪುಟ ಓದುವ ಅಗತ್ಯವೇ ಇರಲಿಲ್ಲ, ಬರೆಯುತ್ತಾ ಬಾಯಿಬಿಟ್ಟು ಹೇಳಿಕೊಳ್ಳುವುದು ಅವರ ಚಾಳಿ. "ಒಂದು. ಟಿಂಚರು, ಹೊಸ ಬ್ಯಾಂಡೇಜು, ಕಾದ ಡಾಂಬರು. ಎರಡು. ಸುಟ್ಟ ತೆಂಗಿನ ನಾರು, ಉಪ್ಪು ಮೀನು, ಹಿಂದೆ ನಿಂಬೆ ಸಿಪ್ಪೆ. ಮೂರು. ಒಲೆ ಬೂದಿ, ಬೆಲ್ಲದ ಪಾಕ, ಒಣದ್ರಾಕ್ಷಿ. ನಾಲ್ಕು. ಜೇನು, ಬಿಸ್ಕತ್ತು." ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಈ ಮೂಗು ಅವರಿಗೆ ಬರೀ ಶೋಕಿಯಾಗಿರಲಿಲ್ಲ. ಕಾರ್ಖಾನೆಯಲ್ಲಿ ಕೊಳಚೆ ನೀರು ಬಂದು ನಿಲ್ಲುವ ಗುಂಡಿಯೊಂದಿದೆ. ಆಗಾಗ ಒಬ್ಬ ಮನುಷ್ಯ ಅದರೊಳಗಿಳಿದು ಪಂಪು ಬಿಡಿಸಬೇಕು. ಅಲ್ಲಿ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಕೊಳೆತ ಮೊಟ್ಟೆಯ ವಾಸನೆಯದು. ಇಳಿಯುವ ಮುಂಚೆ ಗಾಳಿ ಪರೀಕ್ಷಿಸುವ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಿ, ಪರ್ಮಿಟ್ ಚೀಟಿಗೆ ಭಾವ ಸಹಿ ಹಾಕಬೇಕು. ಆ ಮೀಟರೋ, ತಿಂಗಳಲ್ಲಿ ಹದಿನೈದು ದಿನ ರಿಪೇರಿಗೆ ಹೋಗಿರುತ್ತಿತ್ತು. ಆಗ ಭಾವ ಗುಂಡಿಯ ಬಾಯಿಗೆ ಬಗ್ಗಿ ಒಂದು ಉಸಿರೆಳೆದು 'ಇಳಿ' ಅಥವಾ 'ಬೇಡ' ಎನ್ನುತ್ತಿದ್ದರು. ತಪ್ಪು ಅಂತ ಅವರಿಗೂ ಗೊತ್ತು. ಆದರೆ ಹತ್ತು ವರ್ಷದಲ್ಲಿ ಒಂದು ದಿನವೂ ಮೂಗು ಮೋಸ ಮಾಡಿರಲಿಲ್ಲ.

ಇಳಿಯುತ್ತಿದ್ದವನು ಐವತ್ತು ದಾಟಿದ ಆಪರೇಟರು. ಶೆಡ್ಡಿನವರೆಲ್ಲ ಅವನನ್ನು ಬಾಬಾಯಿ ಎನ್ನುತ್ತಿದ್ದರು, ತೆಲುಗಿನಲ್ಲಿ ಚಿಕ್ಕಪ್ಪ ಎಂದರ್ಥ. ಒಂದು ಭಾನುವಾರ ಅವನು ಕಾಗದದಲ್ಲಿ ಸುತ್ತಿದ ಒಣಮೀನು ಹಿಡಿದುಕೊಂಡು ಭಾವನ ಮನೆಗೆ ಬಂದಿದ್ದ. ನಮ್ಮ ಲೋಟಗಳನ್ನು ನೋಡಿ ನಕ್ಕು, ಕೊಟ್ಟ ಒಂದು ಗುಟುಕನ್ನು ಮೂಸಿ, ಮುಖ ಸಿಂಡರಿಸಿ ಹಾಗೇ ಇಟ್ಟ. ಭಾವ ಮೀಟರಿನ ಮಾತೆತ್ತಿ, ಹೊಸದು ತರಿಸೋಣ ಎಂದಾಗ ಕೈ ಆಡಿಸಿ, "ಸಾರ್ ಮುಕ್ಕು ಉಂಟೇ ಮೀಟರ್ ಎಂದುಕಂಡಿ?" ಎಂದ. ಸಾರ್ ಮೂಗಿರುವಾಗ ಮೀಟರು ಯಾಕೆ. ಭಾವನಿಗೆ ಅದು ಬಿರುದು ಸಿಕ್ಕಷ್ಟು ಖುಷಿ. ಹೋಗುವಾಗ ಬಾಬಾಯಿ ಅಕ್ಕನಿಗೆ ಮೀನು ಹುರಿಯುವ ವಿಧಾನ ಹೇಳಿದ. ನಾವು ಲಿಂಗಾಯತರು, ಮೀನು ಮುಟ್ಟುವುದಿಲ್ಲ ಎಂದು ಅವನಿಗೆ ಹೇಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಪೊಟ್ಟಣವನ್ನು ಕೆಳಗಿನ ಇಂಜಿನಿಯರ ಮನೆಗೆ ಕೊಟ್ಟಳು.

ಅದಾದ ವರ್ಷ ಭಾವನಿಗೆ ಒಂದು ಜ್ವರ ಬಂತು. ವಾರ ಮಲಗಿ ಎದ್ದರು. ನಾನು ಫೋನಿನಲ್ಲಿ ವಿಚಾರಿಸಿದೆ, ಅಷ್ಟೇ. ಮುಂದಿನ ಒಂದೆರಡು ತಿಂಗಳು ಅವರು ನನ್ನನ್ನು ಭಾನುವಾರಕ್ಕೆ ಕರೆಯಲಿಲ್ಲ. ಆಮೇಲೆ ಕರೆದಾಗ ಕಾನೂನು ಬದಲಾಗಿತ್ತು. "ಚೀಟಿ ಎತ್ತೋದು ಬ್ಯಾಡ. ಸೀಸೆಗೆ ಗಾಳಿ ಹೊಕ್ಕು ಹೊಗೆ ಎಷ್ಟು ಇಳಿದೈತೆ ಅಂತ ನೋಡಾಣ. ಒಂದು, ಎರಡು, ಮೂರು, ನಾಲ್ಕು, ಸಾಲಾಗಿ ಇಡು, ಸಾಕು," ಎಂದರು. ವಿಜ್ಞಾನದ ಮನುಷ್ಯ ಹೇಳಿದ ಮೇಲೆ ಮುಗಿಯಿತು. ನಾನು ಸಾಲಾಗಿ ಇಟ್ಟೆ. ಅವರು ಒಂದೊಂದನ್ನೇ ಮೂಸಿ, ಹಳೆಯ ಮಾತುಗಳನ್ನೇ ಒಂದಿಷ್ಟು ಹಿಂದೆ ಮುಂದೆ ಮಾಡಿ ಬರೆದರು. ಹಾಗೇ ಆರು ಭಾನುವಾರ ಕಳೆದವು.

ಏಳನೆಯ ಭಾನುವಾರ ದಿವಾನದ ತುಂಬ ಒಗೆದ ಬಟ್ಟೆ ಬಿದ್ದಿತ್ತು. ಯಾವಾಗಲೂ ನಾವಿಬ್ಬರೂ ದಿವಾನದ ಮೇಲೆ ಅಕ್ಕಪಕ್ಕ ಕೂರುತ್ತಿದ್ದೆವು, ಲೋಟಗಳು ಮುಂದಿನ ಟೀಪಾಯಿಯ ಮೇಲೆ. ಆ ದಿನ ಭಾವ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ನಾನು ನನ್ನ ಎಡದಿಂದ ಒಂದು, ಎರಡು, ಮೂರು, ನಾಲ್ಕು ಎಂದು ಸುರಿದೆ. ಅವರು ತಮ್ಮ ಎಡದಿಂದ ಎತ್ತಿಕೊಂಡರು. ನನ್ನ ಎಡ ಅವರ ಬಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ.

ಮೊದಲು ಅವರ ಕೈಗೆ ಬಂದದ್ದು ಸಪ್ಪೆ. ತಟ್ಟೆ ಸರಿಸಿ, ಕಣ್ಣು ಮುಚ್ಚಿ, ಮೂಗು ಇಳಿಸಿ, ನಿಧಾನವಾಗಿ ಉಸಿರೆಳೆದರು. ಒಂದು ಗುಟುಕು ಬಾಯಲ್ಲಿ ಆಡಿಸಿದರು. ಬರೆಯುತ್ತಾ ಹೇಳಿದರು: "ಒಂದು. ಟಿಂಚರು. ಬ್ಯಾಂಡೇಜು ಸ್ವಲ್ಪ ಕಮ್ಮಿ ಆಗೈತೆ. ಡಾಂಬರು ಹಂಗೇ ಐತೆ."

ಆಗಲೇ ನನಗೆ ಲೋಟ ತಿರುವಾಗಿದ್ದು ಕಂಡಿತು. ಬಾಯಿ ತೆರೆದೆ. ಭಾವ ತಮಾಷೆ ಮಾಡುತ್ತಿದ್ದಾರೆ, ನಾನು ಎಷ್ಟು ಹೊತ್ತಿಗೆ ಬೀಳುತ್ತೇನೋ ನೋಡುತ್ತಿದ್ದಾರೆ ಎನಿಸಿ ಸುಮ್ಮನಾದೆ. ಎರಡನೆಯದು, ಮೂರನೆಯದು ಹಾಗೇ ಹೋದವು. ಕೊನೆಗೆ ಅವರ ಕೈಗೆ ಬಂದದ್ದು ಮೊದಲ ಸೀಸೆ. ತಟ್ಟೆ ಸರಿಸಿದ ಕೂಡಲೇ ಟೀಪಾಯಿಯ ಈಚೆ ಕೂತ ನನ್ನ ಮೂಗಿಗೇ ಆಸ್ಪತ್ರೆ ಬಡಿಯಿತು. ಭಾವ ಅದರೊಳಗೆ ಮೂಗು ಅದ್ದುವಷ್ಟು ಹತ್ತಿರ ಹಿಡಿದು, "ನಾಲ್ಕು. ಜೇನು. ಬಿಸ್ಕತ್ತು. ಪಾಪ, ಇದು ಬದಲಾಗಲೇ ಇಲ್ಲ," ಎಂದರು. ಅವರ ಮುಖದಲ್ಲಿ ನಗು ಹುಡುಕಿದೆ. ಇರಲಿಲ್ಲ.

ಅಷ್ಟರಲ್ಲಿ, ಮಧ್ಯಾಹ್ನದವರೆಗೆ ರಜೆಯಿರಬೇಕಿದ್ದ ಅಡುಗೆಮನೆಯಿಂದ ಸೀದ ವಾಸನೆ ಮನೆಯೆಲ್ಲ ತುಂಬಿತು. ಒಳಕೋಣೆಯಲ್ಲಿ ಓದುತ್ತಿದ್ದ ಮಗಳು, "ಅಮ್ಮಾ, ಪಾಲು ಮಾಡಿಪೋಯಾಯಿ!" ಎಂದು ಕೂಗಿದಳು, ಹಾಲು ಸೀದುಹೋಯಿತು ಎಂದು. ಆ ಕೂಗು ಕೇಳಿದ ಮೇಲೆ ಭಾವ ತಲೆಯೆತ್ತಿ, "ಹೌದೌದು, ಆವಾಗ್ಲೇ ಬಂತು ವಾಸನೆ," ಎಂದರು. ಅವರ ಕಿವಿ ಕೆಂಪಾಗಿತ್ತು.

ಬ್ಯಾಂಕಿನವರಿಗೊಂದು ರೋಗವಿದೆ. ಕಂಡದ್ದನ್ನು ಬಾಯಲ್ಲಿ ಹೇಳುವ ಧೈರ್ಯವಿಲ್ಲದಿದ್ದರೆ ಷರಾದಲ್ಲಿ ಬರೆದು ಸಹಿ ಹಾಕಿಬಿಡುತ್ತೇವೆ. ನಾನೂ ನನ್ನ ಪುಟದಲ್ಲಿ ಬರೆದೆ: 'ಲೋಟ ತಿರುವುಮುರುವಾಗಿದ್ದವು. ಭಾವನಿಗೆ ತಿಳಿಯಲಿಲ್ಲ. ವಾಸನೆ ಬರುತ್ತಿಲ್ಲವೆಂದು ತೋರುತ್ತದೆ.' ತಾರೀಕು ಹಾಕಿದೆ. ಸಹಿ ಮಾಡಿದೆ. ರಟ್ಟು ಮುಚ್ಚಿ ಕ್ಲಿಪ್ ಹಾಕಿದೆ.

ಲೋಟಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಸೀದ ಪಾತ್ರೆ ಉಜ್ಜುತ್ತಿದ್ದಳು. ನನ್ನ ಮುಖ ನೋಡಿದವಳೇ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಹೇಳಿದಳು. "ಇವತ್ತು ಗೊತ್ತಾಯ್ತಾ ನಿನಗೆ? ನನಗೆ ಜ್ವರ ಬಿಟ್ಟ ದಿನದಿಂದ ಗೊತ್ತು. ಮಲ್ಲಿಗೆ ಮುಡಿದ್ರೆ ಘಮ ಘಮ ಅಂತೈತೆ ಅಲ್ವಾ ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ, ಹೂಂ ಅಂತಾರೆ. ನೀನು ಮಂಗಳಗಿರಿ ಸೀರೆ ತಂದಾಗೆಲ್ಲ ಮಡಿಕೆ ಬಿಚ್ಚಿ ಗಂಜಿ ವಾಸನೆ ನೋಡ್ತಿದ್ರಲ್ಲ, ಈಗ ಮುಟ್ಟೋದೂ ಇಲ್ಲ. ನನ್ನ ಹತ್ರ ಒಪ್ಕಳಲ್ಲ. ನಾನು ಕೇಳಿದ್ರೆ ಮನುಷ್ಯ ಕುಸಿದುಬಿಡ್ತಾರೆ ಅನ್ಸುತ್ತೆ. ನೀನು ಗಂಡಸು, ನೀನು ಹೇಳು. ಆ ಗುಂಡಿ ಕೆಲಸ ಬಿಡಿ, ಆಫೀಸಿನೊಳಗೆ ಕೂರೋ ಕೆಲಸ ಕೇಳಿ ಅನ್ನು. ಯಾರನ್ನಾದ್ರೂ ಸಾಯಿಸ್ತಾರೆ ಕಣೋ ಇವರು."

"ಹೇಳ್ತೀನಿ ಬಿಡಕ್ಕ," ಎಂದೆ.

ಸಂಜೆ ಭಾವ ನನ್ನನ್ನು ಬಸ್ಸಿಗೆ ಬಿಡಲು ಬಂದರು. ಗಾಜುವಾಕದ ಆ ರಸ್ತೆಯಲ್ಲಿ ಆಟೋಗಳ ಗದ್ದಲ. ಮಾತು ಶುರುಮಾಡಬೇಕು ಎನ್ನುವಷ್ಟರಲ್ಲಿ ಅವರೇ ಕೇಳಿದರು. "ನಿನ್ನ ಅರ್ಜಿ ಏನಾಯ್ತು? ಇನ್ನೂ ಎಷ್ಟು ದಿನ ವಿಜಯವಾಡ?" ಗೊತ್ತಿಲ್ಲ ಎಂದೆ. ಅವರು ನಗುತ್ತಾ, "ಇರು, ಇರು. ನನ್ನ ಕೆಲಸ ಹೋದ್ರೆ ನಾವು ಮೂವರೂ ನಿನ್ನ ಮನೆಗೇ ಬರೋದು," ಎಂದರು.

ನಿಜ ಹೇಳುತ್ತೇನೆ, ಮುಚ್ಚಿಟ್ಟು ಈಗೇನಾಗಬೇಕು. ಆ ಮಾತಿಗೆ ನಾನು ಹೆದರಿದೆ. ಭಾವ ಕೆಲಸ ಬಿಟ್ಟರೆ ಅಕ್ಕನ ಸಂಸಾರ ನನ್ನ ತಲೆಗೆ ಬರುತ್ತದೆ. ವರ್ಗದ ಆದೇಶ ಬಂದರೂ ಇವರನ್ನು ಇಲ್ಲಿ ಬಿಟ್ಟು ದಾವಣಗೆರೆಗೆ ಹೋಗಲು ಮನಸ್ಸು ಬರುವುದಿಲ್ಲ. ಇನ್ನೊಂದೆರಡು ತಿಂಗಳು, ಆದೇಶ ಕೈಗೆ ಬಂದುಬಿಡಲಿ, ಆಮೇಲೆ ಹೇಳೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಸ್ಸು ಬಂತು. "ಹುಷಾರು ಭಾವ," ಎಂದೆ. ಅವರು ಏನನ್ನೋ ಕಾಯುವವರ ಹಾಗೆ ಬಸ್ಸಿನ ಕಿಟಕಿಯ ಕೆಳಗೆ ನಿಂತೇ ಇದ್ದರು.

ಅಕ್ಕ ಮರುವಾರ ಫೋನು ಮಾಡಿ, "ಹೇಳಿದೆಯಾ?" ಎಂದಳು. "ಫೋನಲ್ಲಿ ಹೇಳೋ ಮಾತಾ ಅದು? ಬರ್ತೀನಲ್ಲ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮುಂದಿನ ತಿಂಗಳ ಭಾನುವಾರಕ್ಕೆ ಬ್ಯಾಂಕಿನ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಐದು ವಾರ ಕಳೆದಿತ್ತು. ಬ್ರಾಂಚಿನಲ್ಲಿ ಜನ ಕ್ಯೂ ನಿಂತಿದ್ದ ಹೊತ್ತಿನಲ್ಲಿ ಅಕ್ಕನ ಫೋನು. ಬಾಬಾಯಿ ಗುಂಡಿಗೆ ಇಳಿದವನು ಕುಸಿದು ಬಿದ್ದ, ಎತ್ತಿ ಆಸ್ಪತ್ರೆಗೆ ಒಯ್ದಿದ್ದಾರೆ, ಭಾವ ಅಲ್ಲೇ ಇದ್ದಾರೆ. "ಬಾ," ಎಂದಳು. ಸಿಕ್ಕ ರೈಲು ಹತ್ತಿದೆ.

ಆಸ್ಪತ್ರೆಯ ಓಣಿಯಲ್ಲಿ ಕಾಲಿಟ್ಟ ಕೂಡಲೇ ಮೊದಲ ಸೀಸೆಯ ವಾಸನೆ. ಟಿಂಚರು, ಹೊಸ ಬ್ಯಾಂಡೇಜು. ಸುಳ್ಳು ಹೇಳುತ್ತಿಲ್ಲ, ಬಾಯಲ್ಲಿ ನೀರೂರಿತು. ಆ ಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೆಂಚಿನ ಒಂದು ತುದಿಯಲ್ಲಿ ಬಾಬಾಯಿಯ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು. ಇನ್ನೊಂದು ತುದಿಯಲ್ಲಿ ಭಾವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಅವರ ಮುಖದಲ್ಲಿ ಏನೂ ಇರಲಿಲ್ಲ. ಮೂರನೆಯ ದಿನ ಬಾಬಾಯಿ ಹೋದ.

ಮೀಟರು ಅವತ್ತೂ ರಿಪೇರಿಗೆ ಹೋಗಿತ್ತು. ಭಾವ ಬಗ್ಗಿ ಉಸಿರೆಳೆದು ಇಳಿ ಎಂದಿದ್ದರು. ಅದನ್ನು ಅವರು ನನಗೆ ಹೇಳಿದ್ದು ಶವ ಕಳಿಸಿ ಬರುವಾಗ, ಆಟೋದಲ್ಲಿ. "ಕಾರ್ಖಾನೆಯವ್ರು ಬರೆದುಕೊಡಿ ಅಂದ್ರು. ವಾಸನೆ ಬರಲಿಲ್ಲ ಅಂತ ಬರೆದುಕೊಟ್ಟೆ. ಸುಳ್ಳಲ್ಲವಲ್ಲ ಅದು?" ಎಂದು ನನ್ನ ಮುಖ ನೋಡಿದರು. ನಾನು ಹೊರಗೆ ನೋಡಿದೆ. ಕಾರ್ಖಾನೆಯವರು ಅದಕ್ಕೆ ಇನ್ನೊಂದು ಸಾಲು ಸೇರಿಸಿಕೊಂಡರು: ಮೇಲ್ವಿಚಾರಕರು ಪರೀಕ್ಷಿಸಿದಾಗ ಗಾಳಿ ಶುದ್ಧವಿತ್ತು, ಆಮೇಲೆ ಇಳಿದವನು ಮುಖದ ಮಾಸ್ಕು ತೆಗೆದ, ತಪ್ಪು ಅವನದೇ. ಹಾಗೆ ತೀರ್ಮಾನವಾದರೆ ಅವನ ಹೆಂಡತಿಯ ಕೈಗೆ ಪರಿಹಾರವೆಂದು ಏನೂ ಬರುವುದಿಲ್ಲ. ಹತ್ತು ವರ್ಷ ಹೆಸರು ಮಾಡಿದ ಮೂಗು ಸತ್ತವನ ವಿರುದ್ಧ ಸಾಕ್ಷಿ ಹೇಳಿತ್ತು.

ಸರ್ಕಾರದ ಕಡೆಯಿಂದಲೂ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಭಾವನನ್ನು ಸೋಮವಾರ ಕರೆದಿದ್ದರು. ಹಿಂದಿನ ದಿನ ಭಾನುವಾರ, ಹನ್ನೊಂದು ಗಂಟೆ. ಭಾವ ಸೀಸೆಗಳನ್ನು ತೆಗೆದಿಟ್ಟರು. ತಳದಲ್ಲಿ ಒಂದೊಂದು ಬೆರಳಿನಷ್ಟಿತ್ತು.

"ಸುರಿ. ಚೀಟಿ ಎತ್ತು. ನನಗೆ ಹೇಳ್ಬೇಡ," ಎಂದರು.

"ಯಾಕೆ ಭಾವ ಈಗ ಇದೆಲ್ಲ..."

"ಸುರಿಯೋ ಅಂದ್ರೆ!"

ಅವರು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಸುರಿದೆ. ಒಂದೊಂದನ್ನೂ ಮೂಸಿದರು, ಮತ್ತೆ ಮತ್ತೆ ಮೂಸಿದರು, ಬೆರಳು ಅದ್ದಿ ಮೂಗಿನ ಕೆಳಗೆ ಸವರಿಕೊಂಡರು. ಆ ದಿನ ಬಾಯಿಬಿಟ್ಟು ಏನೂ ಹೇಳಿಕೊಳ್ಳಲಿಲ್ಲ. ತಮ್ಮ ಪುಟದಲ್ಲಿ ನಾಲ್ಕು ಸಲ ಬರೆದರು: ವಾಸನೆ ಇಲ್ಲ. ವಾಸನೆ ಇಲ್ಲ. ವಾಸನೆ ಇಲ್ಲ. ವಾಸನೆ ಇಲ್ಲ. ಸಹಿ ಹಾಕಿ ಪೆನ್ನು ಇಟ್ಟರು. "ಜ್ವರ ಬಿಟ್ಟಾಗಿಂದ ಬರೆದಿದ್ದೆಲ್ಲ ಹಳೇ ಪುಟದಿಂದ ಕದ್ದು ಬರೆದಿದ್ದು. ಹಳೇ ಮಾತು, ಹೊಸ ಮಾತು ಜೋಡಿಸಿದ್ರೆ ಯಾರಿಗಾದ್ರೂ ತಿಳೀತದೆ. ನಾಳೆ ಈ ರಿಜಿಸ್ಟರು ಆ ಆಫೀಸರ್ ಕೈಗೆ ಕೊಡ್ತೀನಿ. ನೀನೂ ಬಾ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿಸಿಕೊಂಡಳು. ಅಳಲಿಲ್ಲ. ಗಂಡನಿಗೆ ಬೇಡ ಎನ್ನಲೂ ಇಲ್ಲ. ನನ್ನ ಹತ್ತಿರ ಬಂದು, ಅವರಿಗೆ ಕೇಳದ ಹಾಗೆ, "ಅವತ್ತು ಹೇಳ್ತೀನಿ ಅಂದಿದ್ದೆ ನೀನು," ಎಂದಳು. ಎಷ್ಟು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ರಿಜಿಸ್ಟರನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ ಬಾಗಿಲ ಮೊಳೆಗೆ ನೇತುಹಾಕಿದಳು. ರಟ್ಟಿನ ಕೆಳಗೆ ನನ್ನ ಷರಾ ಇದೆ ಎಂದು ನನಗೆ ನೆನಪಿತ್ತು. ಆ ಪುಟ ಹರಿದುಹಾಕಬಹುದು ಎಂಬ ಯೋಚನೆಯೂ ಬಂತು. ಚೀಲದ ಹತ್ತಿರ ಎರಡು ಸಲ ಹೋಗಿ ಬಂದೆ.

ಸೋಮವಾರ ಆ ಕೋಣೆಯಲ್ಲಿ ನಾವು ಮೂವರೇ. ಅಧಿಕಾರಿ ವಯಸ್ಸಾದ ಸಮಾಧಾನದ ಮನುಷ್ಯ. ಭಾವ ತೆಲುಗಿನಲ್ಲಿ ನಾಲ್ಕು ಮಾತು ಹೇಳಿ, ರಿಜಿಸ್ಟರನ್ನು ಮುಂದಿಟ್ಟರು. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು, "ಟಿಂ... ಚ... ರು." ಹುಬ್ಬು ಗಂಟಾಯಿತು. "ಅಕ್ಷರಾಲು ಮಾವಿಲಾಗೇ ಉನ್ನಾಯಿ, ಅರ್ಥಂ ಕಾವಟ್ಲೇದು," ಎಂದರು. ಅಕ್ಷರಗಳು ನಮ್ಮವುಗಳ ಹಾಗೇ ಇವೆ, ಅರ್ಥವಾಗುತ್ತಿಲ್ಲ. ಭಾವ ಓದಿ ಹೇಳಲು ಕೈ ಚಾಚಿದರು. ಅಧಿಕಾರಿ ರಿಜಿಸ್ಟರನ್ನು ಹಿಂದಕ್ಕೆಳೆದುಕೊಂಡು ನನ್ನತ್ತ ತಿರುಗಿಸಿದರು. "ಮೀರು ಕಾದು. ಆಯನ ಚದವಾಲಿ." ನೀವಲ್ಲ, ಅವರು ಓದಬೇಕು.

ಓದಿದೆ. ಎಡಗಡೆಯ ಪುಟಗಳನ್ನು, ಸಾಲು ಸಾಲಾಗಿ, ತೆಲುಗಿಗೆ ಮಾಡಿ. ಸುಟ್ಟ ನಾರು, ಒಲೆ ಬೂದಿ, ಬೆಲ್ಲದ ಪಾಕ. ಸರ್ಕಾರಿ ಕೋಣೆಯಲ್ಲಿ ಆ ಮಾತುಗಳು ಹುಚ್ಚರ ಮಾತಿನ ಹಾಗೆ ಕೇಳಿದವು. ಅಧಿಕಾರಿ ಮೊದಲು, "ಮಂದು ಗುರಿಂಚಾ ಇದಂತಾ?" ಎಂದು ಸಿಡುಕಿದರು, ಇದೆಲ್ಲ ಹೆಂಡದ ಬಗ್ಗೆಯಾ ಎಂದು. ಆಮೇಲೆ ಭಾವ ಹಳೆಯ ಪುಟ ಹೊಸ ಪುಟ ತೋರಿಸಿ ವಿವರಿಸಿದಾಗ ಬರೆದುಕೊಳ್ಳತೊಡಗಿದರು. ಕೊನೆಗೆ ಪೆನ್ನಿನ ತುದಿಯಿಂದ ಬಲಗಡೆಯ ರಟ್ಟನ್ನು ಮುಟ್ಟಿ, ಇದೇನು ಎಂದರು. ನನ್ನ ಪುಟ, ಅಂಥದ್ದೇನಿಲ್ಲ ಎಂದೆ. ಅವರೇ ಕ್ಲಿಪ್ ತೆಗೆದರು. ಪುಟ ತಿರುವಿದರು. ತಾರೀಕಿನ ಅಂಕಿಗಳನ್ನು ಓದಲು ಅವರಿಗೆ ನನ್ನ ಸಹಾಯ ಬೇಕಿರಲಿಲ್ಲ. ಬಾಬಾಯಿ ಇಳಿದ ದಿನಕ್ಕೆ ಐದು ವಾರ ಹಿಂದಿನ ಪುಟದಲ್ಲಿ ಬೆರಳಿಟ್ಟು, ಈ ಷರಾದಲ್ಲಿ ಮಾತ್ರ ಮೂರು ಸಾಲು ಯಾಕಿದೆ, "ಚದವಂಡಿ," ಓದಿ, ಎಂದರು.

ಬೇರೆ ಏನಾದರೂ ಹೇಳಬಹುದಿತ್ತು. ಅಧಿಕಾರಿಗೆ ಭಾಷೆ ಬರುತ್ತಿರಲಿಲ್ಲ. ಆದರೆ ಭಾವನಿಗೆ ಬರುತ್ತಿತ್ತು, ಅವರು ಬಗ್ಗಿ ನೋಡುತ್ತಿದ್ದರು. ಓದಿದೆ. ಲೋಟ ತಿರುವುಮುರುವಾಗಿದ್ದವು. ಭಾವನಿಗೆ ತಿಳಿಯಲಿಲ್ಲ. ವಾಸನೆ ಬರುತ್ತಿಲ್ಲವೆಂದು ತೋರುತ್ತದೆ.

"ಅಂಟೇ ಮೀಕು ಮುಂದೇ ತೆಲುಸಾ?" ಅಧಿಕಾರಿ ಕನ್ನಡಕ ತೆಗೆದರು. ಅಂದರೆ ನಿಮಗೆ ಮೊದಲೇ ಗೊತ್ತಿತ್ತಾ?

"ತೆಲುಸು," ಎಂದೆ.

ಭಾವ ನನ್ನ ಕಡೆಗೆ ತಿರುಗಿದರು. ಸಿಟ್ಟಿರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಮನೆಯಲ್ಲಿ ಮಾತಾಡುವ ಹಾಗೆ, ಕನ್ನಡದಲ್ಲಿ, ಮೆಲ್ಲಗೆ ಹೇಳಿದರು: "ಗೊತ್ತಿತ್ತೇನೋ ನಿನಗೆ? ಒಂದು ಮಾತು ಕೇಳಿದ್ರೆ ಅವತ್ತೇ ಒಪ್ಕಂತಿದ್ದೆ ಕಣೋ.  ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿದ್ದೆ. ಆ ಬಸ್‌ಸ್ಟಾಪಲ್ಲಿ ನೀನು ಕೇಳ್ತೀಯ ಅಂತಾನೇ ನಿಂತಿದ್ದೆ."

"ಆಯನ ಏಮಂಟುನ್ನಾರು?" ಎಂದರು ಅಧಿಕಾರಿ, ಅವರು ಏನು ಹೇಳುತ್ತಿದ್ದಾರೆ ಎಂದು, ಪೆನ್ನು ಹಿಡಿದುಕೊಂಡು.

ಅದನ್ನೂ ನಾನೇ ತೆಲುಗಿನಲ್ಲಿ ಹೇಳಿ ಬರೆಸಿದೆ.